ಕ್ವಿರೀನೋ ಅಜ್ಜನ ನಲ್ಲಿ

ರೋಮಿನ ನಮ್ಮ ಬೀದಿಯಲ್ಲಿ ಸದಾ ಸುರಿಯುವ ನಲ್ಲಿಯೊಂದಿದೆ. ಅದರ ಪಕ್ಕದಲ್ಲಿ ಕ್ವಿರೀನೋ ಅಜ್ಜ ಇಸ್ತ್ರಿಯ ಅಂಗಿ ತೊಟ್ಟು, ಊರಿಗೆಲ್ಲ ಯಜಮಾನನಂತೆ ನಿಂತಿರುತ್ತಾನೆ. ಪ್ರವಾಸಿಗರ ಕೈಯಲ್ಲಿ ಬಾಟಲಿ ಕಂಡರೆ ಅವನಿಗೆ ಮೈಯೆಲ್ಲ ಉರಿ. "ಅಯ್ಯೋ, ನಮ್ಮೂರಲ್ಲಿ ನೀರು ಕೊಂಡ್ಕೊಂಡ್ರಾ? ಬನ್ನಿ ಇಲ್ಲಿ!" ಎಂದು ಕರೆತಂದು, ನಲ್ಲಿಯ ಬಾಯಿಗೆ ಬೆರಳೊತ್ತಿ, ಮೇಲಿನ ತೂತಿನಿಂದ ಚಿಮ್ಮುವ ನೀರು ಕುಡಿಸುತ್ತಾನೆ. ಆಮೇಲೆ ಅವರು ನೋಡಬೇಕೆಂದಿರುವ ಜಾಗಗಳ ಪಟ್ಟಿ ಕಸಿದುಕೊಳ್ಳುತ್ತಾನೆ. "ಒಂದೇ ದಿನಕ್ಕೆ ಹನ್ನೆರಡು ಚರ್ಚಾ? ದೇವರಿಗೇ ಸುಸ್ತಾಗುತ್ತೆ! ಎರಡು ಸಾಕು. ಕೊಲೋಸಿಯಂ ಮಾತ್ರ ಬಿಡ್ಬೇಡಿ." ಅದರ ಒಳಗೆ ಹೇಗಿದೆ ಎಂದು ನಾನೊಮ್ಮೆ ಕೇಳಿದೆ. ಎಪ್ಪತ್ತೆಂಟು ವರ್ಷವಾದರೂ ಅಜ್ಜ ಒಳಗೆ ಕಾಲಿಟ್ಟೇ ಇಲ್ಲವಂತೆ! ನಾಚಿಕೆಯಿಲ್ಲದೆ ಎದೆಯುಬ್ಬಿಸಿ ಹೇಳಿದ: "ಲೋ, ಬಡಿಸೋನು ಪಂಕ್ತೀಲಿ ಮೊದಲು ಕೂರ್ತಾನೇನೋ? ನೆಂಟರೆಲ್ಲ ಉಂಡೇಳಲಿ, ಆಮೇಲೆ ನಾನು."