ಬೀಗ ಬಿದ್ದ ಬಾವಿ ಮತ್ತು ನೀರಿನ ಸಭೆ

ತುಪ್ಪ ಕಾಯುವ ವಾಸನೆ ಬಂದರೆ ಮನುಷ್ಯರಿಗೆ ಬಾಯಲ್ಲಿ ನೀರೂರುತ್ತದೆ. ನನಗೆ ಮಾತ್ರ ನಾಚಿಕೆಯಾಗುತ್ತದೆ. ಮೊನ್ನೆ ಭಾನುವಾರ ಅರಸೀಕೆರೆಯ ನಮ್ಮ ಮನೆಯಲ್ಲಿ ಹೋಳಿಗೆ ಬೇಯುತ್ತಿತ್ತು. ಅದೇ ಹೊತ್ತಿಗೆ ಮೊಮ್ಮಗಳು ಸಹನಾ ಕಾಲೇಜಿನ ಚರ್ಚಾಸ್ಪರ್ಧೆಯ ಚೀಟಿ ಹಿಡಿದು ಎದುರು ಕೂತಳು. ವಿಷಯ: ಜನರ ಹಕ್ಕು ತುಳಿದ ಆರೋಪ ಹೊತ್ತ ದೇಶಗಳು ಅಂತರರಾಷ್ಟ್ರೀಯ ಶೃಂಗಸಭೆ ನಡೆಸಬಹುದೇ?

"ತಾತ, ಐದು ನಿಮಿಷಕ್ಕಾಗೋಷ್ಟು ಬರ್ಕೊಡಿ. ನೀವು ಯಾವ ಕಡೆ?"

ಲೋಕದ ಪ್ರಧಾನಿಗಳೆಲ್ಲ ವಿಮಾನ ನಿಲ್ಲಿಸಿಕೊಂಡು ನನ್ನ ಅಪ್ಪಣೆಗೆ ಕಾಯುತ್ತಿದ್ದಾರೇನೋ ಎಂಬಂತೆ ನಾನು ಕನ್ನಡಕ ಒರೆಸಿಕೊಂಡೆ. ಗಾಂಭೀರ್ಯಕ್ಕೆ ಕಾರಣವಿತ್ತು. ನಾನೂ ಒಂದು ಶೃಂಗಸಭೆಯಲ್ಲಿ ಭಾಗವಹಿಸಿದವನು. ಅಲ್ಲಿ ಧ್ವಜಗಳಿರಲಿಲ್ಲ, ಚಾಪೆಗಳಿದ್ದವು, ಅಷ್ಟೇ ವ್ಯತ್ಯಾಸ.

ಮಾದಿಹಳ್ಳಿಯಿಂದಾಚೆ ಆರು ಹಳ್ಳಿಗಳಿಗೆ ಸೇರಿದ ಒಂದು ಕೆರೆ. ಅದರ ನೀರನ್ನು ಯಾರ ಗದ್ದೆಗೆ ಯಾವ ವಾರ ಬಿಡಬೇಕೆಂದು ತೀರ್ಮಾನಿಸಲು ವರ್ಷಕ್ಕೊಮ್ಮೆ ಸಭೆ, ಪ್ರತಿ ವರ್ಷ ಒಬ್ಬೊಬ್ಬರ ಮನೆಯಲ್ಲಿ. ಕಾಲೇಜು ಮುಗಿಸಿ, ಕೆಲಸ ಸಿಗದೆ, ದುಂಡಗಿನ ಅಕ್ಷರವೊಂದನ್ನೇ ಆಸ್ತಿಯಾಗಿ ಉಳಿಸಿಕೊಂಡಿದ್ದ ನನಗೆ ನಡಾವಳಿ ಪುಸ್ತಕ ಬರೆಯುವ ಮಹತ್ತರ ಹೊಣೆ ಬಿದ್ದಿತ್ತು. ಆ ಸೀಮೆಯಲ್ಲಿ ಒಂದು ಕಟ್ಟುಪಾಡು: ಯಾರ ಮನೆಯಲ್ಲಿ ಎಲೆಯ ಮುಂದೆ ಕೂತು ಉಂಡಿರೋ, ಅಂದು ಹೊತ್ತು ಮುಳುಗುವವರೆಗೆ ಆ ಮನೆಯವರ ಮೇಲೆ ದೂರು ಹೇಳುವಂತಿಲ್ಲ. ಅದಕ್ಕೇ ಹಿರಿಯರು ಸಭೆ ಮೊದಲು, ಊಟ ಆಮೇಲೆ ಎಂದು ಇಟ್ಟಿದ್ದರು. ಹಿರಿಯರಿಗೆ ನಮ್ಮ ಹೊಟ್ಟೆಯ ಪರಿಚಯ ಚೆನ್ನಾಗಿತ್ತು.

ಆ ವರ್ಷ ಸರದಿ ಚಿಕ್ಕೇಗೌಡರದು. ಕೂಲಿ ಹೆಚ್ಚಿಸಿ ಎಂದು ತೋಟದ ಆಳುಗಳು ಕೇಳಿದ ತಪ್ಪಿಗೆ ಅವರು ಆ ಆಳುಗಳು ನೀರು ಸೇದುತ್ತಿದ್ದ ಬಾವಿಗೆ ಹಲಗೆ ಮುಚ್ಚಿ ಬೀಗ ಜಡಿಸಿದ್ದರು. ಅಂಥವರ ಮನೆಯಲ್ಲಿ ನೀರಿನ ನ್ಯಾಯದ ಸಭೆ! ಹೋಗಬೇಕೇ ಬೇಡವೇ ಎಂದು ನಮ್ಮಲ್ಲಿ ವಾರವಿಡೀ ಚರ್ಚೆ ನಡೆಯಿತು. "ಹೋದ್ರೆ ತಾನೆ ಕೇಳಕ್ಕಾಗೋದು" ಎಂಬ ವಾದ ಗೆದ್ದಿತು. ಇಂದಿಗೂ ದೊಡ್ಡ ದೊಡ್ಡ ರಾಜಧಾನಿಗಳಲ್ಲಿ ಗೆಲ್ಲುವುದು ಅದೇ ವಾದ.

ಗೇಟಿನ ಬಳಿ ಆಳುಗಳ ಪೈಕಿ ಪುಟ್ಟಕ್ಕ ಖಾಲಿ ಕೊಡ ಹಿಡಿದು ನಿಂತಿದ್ದಳು.

"ನೀರಿನ ಸಭೆ ಅಂದ್ರು, ಅದ್ಕೇ ಬಂದೆ ಕಣಣ್ಣ. ಮೈಲಿಗಟ್ಲೆ ಹೋಗಿ ಹೊತ್ಕೊಂಡು ಬತ್ತಾ ಇವ್ನಿ. ಬೀಗ ಹಾಕವ್ರೆ ಅಂತ ನಿನ್ನ ಪುಸ್ತಕದಾಗೆ ಬರ್ಕೊ."

"ಬರೀತೀನಿ ಪುಟ್ಟಕ್ಕ" ಎಂದೆ. ಆ ಗಳಿಗೆಯಲ್ಲಿ ನಾನು ಬಹಳ ಎತ್ತರವಾಗಿದ್ದೆ.

ಒಳಗೆ ಹೋದರೆ ಎಲೆ ಹಾಕಿಬಿಟ್ಟಿದ್ದರು. "ಬಿಸಿಲಲ್ಲಿ ಬಂದಿದೀರಿ, ಮೊದ್ಲು ಒಂದು ತುತ್ತು ಉಣ್ರಪ್ಪ" ಎಂದರು ಗೌಡರು. ಬೇಲೂರಿನಿಂದ ಬಂದ ಅಡುಗೆಯವರು, ಆಗತಾನೇ ಕಾಯಿಸಿದ ತುಪ್ಪ. ಆರು ಹಳ್ಳಿಯ ಕ್ರಾಂತಿಕಾರಿಗಳು ಸಾಲಾಗಿ ಕೂತೆವು. ನಾನು ಹೋಳಿಗೆ ಎರಡು ಸಲ ಹಾಕಿಸಿಕೊಂಡೆ.

ಸಭೆ ಶುರುವಾಯಿತು. ಹೊಟ್ಟೆ ತುಂಬಿದ್ದರಿಂದ, ಕಟ್ಟುಪಾಡಿನಂತೆ, ದೂರು ಯಾರದೂ ಏಳಲಿಲ್ಲ. ಆದರೆ ಅಂದು ಸೋಮವಾರವೆಂಬುದನ್ನು ಗೌಡರು ಮರೆತಿದ್ದರು. ಆ ಕಡೆ ತೆಂಗಿನ ತೋಟ ಮಾಡಿದ್ದ ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ರುದ್ರಪ್ಪ ಸೋಮವಾರ ಸಂಜೆಯ ಪೂಜೆ ಮುಗಿಯದೆ ಅನ್ನ ಮುಟ್ಟುತ್ತಿರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಗದರಿದರೂ ಕ್ಷಮೆ ಕೇಳುವಷ್ಟು ಸಾಧು ಮನುಷ್ಯ. ಮೆಲ್ಲಗೆ ಎದ್ದರು.

"ನಾನು ಉಂಡಿಲ್ಲ. ಅದ್ರಿಂದ ನಾನೇ ಕೇಳ್ಬೇಕು ಅಂತ ಕಾಣ್ತದೆ. ಬಾವಿಗೆ ಬೀಗ ಯಾಕೆ ಗೌಡ್ರೇ?"

"ಅದು ನಮ್ಮ ಮನೆ ವಿಚಾರ. ಕೆರೆ ವಿಚಾರ ಮಾತಾಡ್ರಿ. ಬಾಯಿ ಒಣಗೈತೆ ನಿಮ್ಗೆ, ಒಂದ್ಲೋಟ ನೀರಾದ್ರೂ ಕುಡೀರಿ."

ರುದ್ರಪ್ಪ ಲೋಟ ನೋಡಿದರು. "ಯಾವ ಬಾವೀದು?"

ಗೌಡರು ನನ್ನತ್ತ ತಿರುಗಿ, "ಇದನ್ನೆಲ್ಲ ಬರೀಬ್ಯಾಡ ಕಣ್ಲಾ" ಎಂದರು. ನಾನು ಪೆನ್ನಿಗೆ ಮುಚ್ಚಳ ಹಾಕಿದೆ. ರುದ್ರಪ್ಪ ಚಪ್ಪಲಿ ಮೆಟ್ಟಿ ಹೊರಟುಹೋದರು. ನಾನು ದುಂಡಗೆ ಬರೆದೆ: "ನೀರಿನ ನ್ಯಾಯಯುತ ಹಂಚಿಕೆಯ ಕುರಿತು ಸೌಹಾರ್ದಯುತ ಚರ್ಚೆ ನಡೆಯಿತು."

ಮುಂದಿನ ತಿಂಗಳು ಪುಟ್ಟಕ್ಕ ಕೊಟ್ಟ ಅರ್ಜಿಯ ಮೇಲೆ ಅಧಿಕಾರಿಯೊಬ್ಬರು ವಿಚಾರಣೆಗೆ ಬಂದರಂತೆ. ಗೌಡರು ನಡಾವಳಿ ಪುಸ್ತಕ ತೆಗೆದು ಮುಂದಿಟ್ಟರು. "ಆರು ಹಳ್ಳಿಯೋರು ಇಲ್ಲೇ ಕೂತಿದ್ರು ಸ್ವಾಮಿ. ಒಬ್ರಾದ್ರೂ ದೂರು ಹೇಳವ್ರಾ ನೋಡಿ." ಅಧಿಕಾರಿ ಅಕ್ಷರ ಮೆಚ್ಚಿಕೊಂಡು ಹೋದರು. ಬೀಗ ಆ ಬೇಸಿಗೆಯಿಡೀ ಇತ್ತು. ಪುಟ್ಟಕ್ಕ ಒಮ್ಮೆ ಹಳೇಬೀಡಿನ ಸಂತೆಯಲ್ಲಿ ಎದುರಾದಳು, ಬಯ್ಯಲಿಲ್ಲ. "ಬರೆದ್ಯಾ ಅಣ್ಣ?" ಎಂದಳು. ನಾನು ಬದನೆಕಾಯಿಯ ಬೆಲೆ ವಿಚಾರಿಸುತ್ತಾ ನಿಂತೆ.

ಇಷ್ಟೂ ಕೇಳಿದ ಸಹನಾ ಪೆನ್ನು ಕಚ್ಚಿದಳು. "ಅಂದ್ರೆ ನಡೆಸ್ಬಾರ್ದು ಅಂತ ನಿಮ್ಮ ವಾದ. ಆದ್ರೆ ಆರೋಪ ಇಲ್ದಿರೋ ದೇಶ ಯಾವ್ದಿದೆ ತಾತ? ನಮ್ಮ ಮೇಲೂ ಹೇಳ್ತಾರೆ. ಎದುರು ಪಕ್ಷದೋರು ಅದನ್ನೇ ಎತ್ತೋದು."

"ಎತ್ತಲಿ. ನಮಗೂ ಅದೇ ಷರತ್ತು ಅಂತ ಬರ್ಕೊ. ಬೀಗ ತೆಗೆದು ಆಮೇಲೆ ಕರೀಲಿ. ಬಾವಿ ಹತ್ರ ಯಾರು ಬೇಕಾದ್ರೂ ಹೋಗಿ ನೋಡ್ಲಿ, ಬರ್ಕೊಳ್ಲಿ. ಅದು ಆಗಲ್ಲ ಅಂದ್ರೆ ಸಭೆ ಬೇರೆ ಮನೇಲಿ. ಸಭೆಗೆ ಬಂದೋರು ಸುಮ್ನಿದ್ರು ಅನ್ನೋದೇ ಆ ಮನೆಯೋನಿಗೆ ಸರ್ಟಿಫಿಕೇಟು."

"ನಮ್ಮ ಲೆಕ್ಚರರ್ರು ನಮ್ಮ ದೇಶದ ಮಾತು ಬೇಡ ಅಂದಿದಾರೆ. 'ನಮಗೂ ಅದೇ ಷರತ್ತು' ಅನ್ನೋ ಸಾಲು ಹೊಡೆದುಹಾಕ್ಲಾ?"

ಅವಳ ಪೆನ್ನು ಆಗಲೇ ಆ ಸಾಲಿನ ಮೇಲಿತ್ತು. ನಾನು ಹಾಳೆ ಎಳೆದುಕೊಂಡೆ.

"ಹೊಡೀಬೇಡ. ಯಾರ ಮಾತಿದು ಅಂತ ಕೇಳಿದ್ರೆ ಇದನ್ನ ತೋರ್ಸು."

ಆ ಸಾಲಿನ ಕೆಳಗೆ ನನ್ನ ಹೆಸರು, ಊರು ಬರೆದು ರುಜು ಹಾಕಿದೆ. ಈ ಸಲ ಅಕ್ಷರ ಸೊಟ್ಟಗಾಯಿತು. ಓದಲು ಬರುತ್ತದೆ.