ಶಿವುವಿನ ಹೆಬ್ಬೆಟ್ಟು

ಈ ಬ್ಲಾಗಿನಲ್ಲಿ ಮಗಳ ವಿಷಯ ಬಿಟ್ಟೇ ಬರೆಯೋಣ ಎಂದುಕೊಂಡಿದ್ದೆ. ಅವಳಿಷ್ಟದ ವಿಡಿಯೋ ಗೇಮಿನ ಹೊಸ ಭಾಗ ಇನ್ನೂ ಬಿಡುಗಡೆಯಾಗಿಲ್ಲ. ಮೊದಲೇ ಆಡಿದ ವಿಮರ್ಶಕರೊಬ್ಬರು ‘ಸಪ್ಪೆ’ ಎಂದು ಬರೆದಿದ್ದಾರೆ. ಕೆಳಗೆ ಅಭಿಮಾನಿಗಳ ಬೈಗುಳ. ‘ನೀನು ಆಡಿಯೇ ಇಲ್ಲ, ಸುಳ್ಳುಗಾರ’ ಎಂದವಳು ನನ್ನ ಮಗಳು.

ಓದುತ್ತಲೇ ಹುಣಸೂರಿನ ನಮ್ಮ ಹಜಾರ ನೆನಪಾಯಿತು. ಇದೇ ಆಟದ ಹಳೆಯ ಭಾಗಗಳ, ಟಿವಿಯ ಗೇಮ್ ಡಬ್ಬಿಗೆ ಸಿಕ್ಕಿಸುವ ಕ್ಯಾಸೆಟ್ಟುಗಳನ್ನು ರೇಡಿಯೋ ರಿಪೇರಿಯ ರಫೀಕ್ ಭಾಯ್ ದಿನದ ಬಾಡಿಗೆಗೆ ಕೊಡುತ್ತಿದ್ದರು. ಹೊಸದು ಬಂದರೆ ದೊಡ್ಡಮ್ಮನ ಮಗ ಶಿವುವೇ ಮೊದಲು ತರುತ್ತಿದ್ದ. ಒಮ್ಮೆ ಮುಖ ಸಿಂಡರಿಸಿ ಹೇಳಿದ, “ಏನೂ ಚೆನ್ನಾಗಿಲ್ಲ ಕಣೇ, ನೀನು ತರಬ್ಯಾಡ.”

ಭಾನುವಾರಕ್ಕೆ ನನಗೆ ಒಂದೇ ಕ್ಯಾಸೆಟ್ಟು. ತಪ್ಪು ಆರಿಸಿದರೆ ವಾರವಿಡೀ ಕಾಯಬೇಕು. ಅವರೆಕಾಯಿ ಸುಲಿಯುತ್ತಿದ್ದ ದೊಡ್ಡಮ್ಮ ಸಂತೆಯ ಬದನೆಕಾಯಿಯನ್ನೂ ಒತ್ತಿ ನೋಡದೆ ಕೊಳ್ಳುವವರಲ್ಲ.

“ಎಬ್ಬೆಟ್ಟು ತೋರ್ಸ್ಲಾ,” ಎಂದರು ಶಿವುವಿಗೆ. ಗುಂಡಿ ಒತ್ತಿ ಒತ್ತಿ ಬೊಬ್ಬೆ ಎದ್ದಿತ್ತು.

“ಚೆನ್ನಾಗಿಲ್ದೇ ಇದ್ದುದ್ದ ಇಷ್ಟೊತ್ತು ಆಡಿದ್ಯಾ? ನಾಳೀಕೂ ನೀನೇ ತರಾಕೆ ಈ ನಾಟ್ಕ.”

“ಮುಂದಾದ್ರೂ ಚೆನ್ನಾಗಿರ್ತದೆ ಅಂತ ಆಡ್ದೆ ಕಣವ್ವ!”

ನಾವ್ಯಾರೂ ನಂಬಲಿಲ್ಲ. ಭಾನುವಾರ ಅದನ್ನೇ ತಂದೆ. ನಿಜವಾಗಿಯೂ ಸಪ್ಪೆಯಾಗಿತ್ತು. ಸಂಜೆಯ ಹೊತ್ತಿಗೆ ನನ್ನ ಬೆರಳಿಗೂ ಬೊಬ್ಬೆ.

ಮಗಳಿಗೆ ಹೇಳಿದರೆ ನಗಲಿಲ್ಲ. “ಆ ವಿಮರ್ಶಕರಿಗೆ ದುಡ್ಡು ಕೊಟ್ಟಿರ್ತಾರೆ ಅಮ್ಮ.”

“ಚೆನ್ನಾಗಿಲ್ಲ ಅನ್ನೋಕಾ? ಯಾರು?”

“ಗೊತ್ತಿಲ್ಲ. ನಾನು ಆಡೋವರೆಗೂ ಇದನ್ನ ಹಾಕ್ಬೇಡ.”

ಆಟ ಬರುವುದು ಶುಕ್ರವಾರ. ಆಡಿದ ಮೇಲೆ ಅವಳು ‘ಸುಳ್ಳುಗಾರ’ ಎಂದು ಬರೆದ ಆ ಮಾತನ್ನು ಅಳಿಸುತ್ತಾಳೋ ಇಲ್ಲವೋ, ನನಗೂ ಅನುಮಾನವೇ. ಅವಳ ಮಾತಿನಂತೆ ಇದನ್ನು ಇಲ್ಲಿ ಹಾಕುವುದು ಅದರ ಮುಂದಿನ ಸೋಮವಾರ, ಹದಿನೇಳನೇ ತಾರೀಖು.