ಬಳೆ ಹೊತ್ತು ಊರು ತೋರಿಸುವ ರೇವವ್ವ

ಹುಬ್ಬಳ್ಳಿಯ ಕಡೆಯಿಂದ ಬೆಳಗಿನ ಗಾಡಿ ಅಣ್ಣಿಗೇರಿಗೆ ಬರುವ ಹೊತ್ತಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಎಂಜಿನ್ನಿನ ಹೊಗೆ ಸ್ಟೇಶನ್ನಿನ ಮೇಲೆ ಕವುಚಿಕೊಂಡಿದೆ. ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಒಬ್ಬ ಹೆಂಗಸು ಎಡಗಾಲು ಚಾಚಿ ಕುಳಿತು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಳೆ. ಪಕ್ಕದಲ್ಲಿ ಬಳೆಗಳನ್ನು ಸರ ಸರವಾಗಿ ಪೋಣಿಸಿ ಕಟ್ಟಿದ ಮಲಾರ. ಸಂತೆಯ ಚೀಲದವರು, ಹಾಲಿನ ಕ್ಯಾನಿನವರು ಇಳಿದು ಹೋಗುತ್ತಾರೆ. ಕಡೆಯ ಡಬ್ಬಿಯಿಂದ ಕೊರಳಲ್ಲಿ ಕ್ಯಾಮೆರಾ ತೂಗಿಸಿಕೊಂಡ ಒಬ್ಬ ಗೃಹಸ್ಥರೂ, ಸೂರ್ಯ ಹುಟ್ಟುವ ಮೊದಲೇ ಕೊಡೆ ಬಿಚ್ಚಲು ಸಿದ್ಧರಾದ ಅವರ ಪತ್ನಿಯೂ ಇಳಿದು ಅತ್ತಿತ್ತ ನೋಡುತ್ತಾರೆ. ಹೆಂಗಸು ಸೀರೆ ಕೊಡವಿ ಮೇಲೇಳುತ್ತಾಳೆ. ಏಳಲು ಎರಡು ಸಲ ಪ್ರಯತ್ನಿಸಬೇಕಾಗುತ್ತದೆ.

"ಗುಡಿ ನೋಡಾಕ ಬಂದೀರೇನ್ರಿ? ಬರ್ರಿ, ನಡಕೊಂತ ಹೋಗೂಣು."

ಈಕೆ ರೇವವ್ವ ಬಳಿಗಾರ. ನಾನು ಮೊದಲು ಬಹುವಚನದಲ್ಲಿ ಮಾತಾಡಿಸಿದ್ದಕ್ಕೆ "ನಾನೇನು ಅಮಲ್ದಾರನ ಹೆಂಡ್ತಿ ಏನ್ರಿ?" ಎಂದು ಗದರಿಸಿದಳು. ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ, ಓದುಗರು ಕ್ಷಮಿಸಬೇಕು. ವಯಸ್ಸು ಐವತ್ತು ದಾಟಿರಬಹುದು. ಗಂಡ ಈರಪ್ಪ ನವಲಗುಂದ, ಕುಂದಗೋಳದ ಸಂತೆಗಳಿಗೆ ಬಳೆ ಒಯ್ಯುತ್ತಾನೆ. ಊರೊಳಗೆ ಮನೆ ಮನೆಗೆ ಒಯ್ಯುವವಳು ರೇವವ್ವ. ಜೊತೆಗೆ, ಯಾರೂ ನೇಮಿಸದಿದ್ದರೂ ಯಾರೂ ತೆಗೆದುಹಾಕಲಾರದ ಇನ್ನೊಂದು ಕೆಲಸ ಆಕೆಯದು. ಅಣ್ಣಿಗೇರಿಯ ಹಳೆಯ ಊರನ್ನು ನೋಡಲು ಬಂದವರನ್ನು ಓಣಿ ಓಣಿ ಸುತ್ತಿಸಿ, ಕಲ್ಲುಕಂಬ, ಬಸದಿ, ಬಾವಿ ತೋರಿಸಿ, ಮತ್ತೆ ಗಾಡಿ ಹತ್ತಿಸಿ ಕಳಿಸುವುದು.

ಸ್ಟೇಶನ್ನಿನಿಂದ ಊರಿನತ್ತ ನಡೆಯುವಾಗ ನಾನು ಒಂದನ್ನು ಗಮನಿಸಿದೆ. ಮಲಾರ ಹೆಗಲ ಮೇಲಿದ್ದರೆ, ಬಿಳಿ ಅರಿವೆಯಲ್ಲಿ ಕಟ್ಟಿದ ಸಣ್ಣ ಗಂಟೊಂದು ಕಂಕುಳಲ್ಲಿ ಬೇರೆಯೇ ಇದೆ. ಏನೆಂದು ಕೇಳಿದೆ.

"ಹಸರ ಬಳಿರಿ. ಇವತ್ತ ಒಂದ ಮನ್ಯಾಗ ಕುಬಸ ಐತಿ. ಚೊಚ್ಚಲ ಬಸರಿ."

"ಸೀಮಂತಕ್ಕೆ ಹೇಳಿಕಳಿಸಿದ್ದಾರಾ?"

"ಇಲ್ರಿ" ಎಂದು ಆಕೆ ಮುಂದೆ ನಡೆದಳು. ಕರೆಯದ ಮನೆಗೆ ಬಳೆ ಕಟ್ಟಿಕೊಂಡು ಬಂದವಳ ಮುಖ ಬೆಳಗಿನ ಆ ಹೊತ್ತಿಗೇ ಬಾಡಿತ್ತು. ನನಗೆ ಕೆಡುಕೆನಿಸಿತು.

ಅಮೃತೇಶ್ವರ ಗುಡಿಯಲ್ಲಿ ರೇವವ್ವ ಹೆಚ್ಚು ಮಾತಾಡುವುದಿಲ್ಲ. ಚಾಲುಕ್ಯರ ಕಾಲದ ಕರಿಕಲ್ಲಿನ ಕಂಬಗಳ ನಡುವೆ ದಂಪತಿಯನ್ನು ಬಿಟ್ಟು, ತಾನು ನೆರಳಿಗೆ ಕೂಡುತ್ತಾಳೆ. "ಗುಡಿ ತನ್ನ ತಾನ ಕಾಣತೈತ್ರಿ, ನಾ ಏನ ಹೇಳೂದೈತಿ?" ಬಸದಿಯಲ್ಲೂ ಅಷ್ಟೆ. ಆಕೆಯ ಕೆಲಸ ಶುರುವಾಗುವುದು ಅದಾದ ಮೇಲೆ, ಓಣಿಗಳಲ್ಲಿ. ಈ ಊರಿನ ಹಳೆಯ ಕಲ್ಲುಗಳು ಗುಡಿಯಲ್ಲಿ ಎಷ್ಟಿವೆಯೋ ಮನೆಗಳಲ್ಲಿ ಅಷ್ಟೇ ಇವೆ. ಒಂದು ಮನೆಯ ಪಡಸಾಲೆಗೆ ಹಳೆ ಮಂಟಪದ ಕಂಬ ಆಸರೆ. ಇನ್ನೊಂದು ಮನೆಯ ದನದ ಗೋದಲಿಯ ಹಿಂದೆ ಕುದುರೆ ಏರಿದ ವೀರ. ಅವುಗಳನ್ನು ನೋಡಬೇಕೆಂದರೆ ಹೊಸ್ತಿಲು ದಾಟಬೇಕು.

ಪ್ರತಿ ಬಾಗಿಲಲ್ಲೂ ರೇವವ್ವ ಮಲಾರವನ್ನು ಒಮ್ಮೆ ಜೋರಾಗಿ ಅಲುಗಿಸುತ್ತಾಳೆ. "ಬಳಿ ಬಂದಾವ್ರಿ, ಹಿಂದ ಪರಸ್ಥಳದ ಮಂದಿ ಬಂದಾರ!" ಒಳಗೆ ಗಡಿಬಿಡಿಯಾಗುತ್ತದೆ. ಸೆರಗು ಸರಿಯಾಗುತ್ತವೆ, ಒಣಹಾಕಿದ ಬಟ್ಟೆ ಕೆಳಗಿಳಿಯುತ್ತವೆ, ಉಣ್ಣಲು ಕುಳಿತ ಗಂಡಸು ತಾಟು ಎತ್ತಿಕೊಂಡು ಅಡಿಗೆಮನೆಗೆ ಹೋಗುತ್ತಾನೆ. ಒಳಗಿನಿಂದ "ಬಾರವ್ವ" ಎಂಬ ದನಿ ಬಂದ ಮೇಲಷ್ಟೇ ಚಪ್ಪಲಿ ಹೊರಗೆ ಬಿಟ್ಟು ನಮ್ಮ ಪ್ರವೇಶ. ಕ್ಯಾಮೆರಾದವರು ಒಮ್ಮೆ ಅವಸರ ಮಾಡಿ ಕಾಲು ಮುಂದಿಟ್ಟರು. ರೇವವ್ವ ಅವರ ತೋಳು ಹಿಡಿದು ಹಿಂದಕ್ಕೆ ಎಳೆದ ರೀತಿ ನೋಡಿ ಅವರ ಪತ್ನಿ ನಕ್ಕುಬಿಟ್ಟರು.

ಈ ಉದ್ಯೋಗ ಗಂಟುಬಿದ್ದದ್ದು ಎಪ್ಪತ್ತೆರಡರ ಬರದ ವರ್ಷ. ಬಳೆ ಏರಿಸಿಕೊಳ್ಳುವ ಉಮೇದು ಯಾರಿಗೂ ಇರಲಿಲ್ಲ. ಧಾರವಾಡದಿಂದ ಒಬ್ಬ ಪ್ರಾಧ್ಯಾಪಕರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಲ್ಲುಗಳ ಮೇಲಿನ ಬರಹ ಓದಲು ಬಂದಿದ್ದರು. ಹಗಲು ಹೊತ್ತು, ಗಂಡಸರು ಹೊಲದಲ್ಲಿ. ಪ್ಯಾಂಟು ಹಾಕಿದ ಹತ್ತು ಜನ ಗಂಡಸರಿಗೆ ಯಾವ ಮನೆ ಬಾಗಿಲು ತೆರೆದೀತು? ಗುಡಿಯ ಪೂಜಾರಿ ಹೇಳಿದರಂತೆ, ಬಳಿಗಾರ್ತಿಯನ್ನು ಮುಂದೆ ಮಾಡಿಕೊಂಡು ಹೋಗಿ ಎಂದು. ಅಂದಿನಿಂದ ಪರಸ್ಥಳದವರು ಬಂದರೆ ಎಲ್ಲರೂ ಕೈ ತೋರಿಸುವುದು ರೇವವ್ವನ ಕಡೆಗೇ. ಈಗ ಪ್ಲಾಸ್ಟಿಕ್ ಬಳೆ ಬಂದು ಗಾಜಿನ ಬಳೆಗೆ ಗಿರಾಕಿ ಕಡಿಮೆ. ನೋಡಲು ಬಂದವರಲ್ಲಿ ಕೆಲವರು ಕೈಗೆ ಏನಾದರೂ ಇಡುತ್ತಾರೆ, ಕೆಲವರು ಬರೀ ಥ್ಯಾಂಕ್ಸ್ ಇಟ್ಟು ಗಾಡಿ ಹತ್ತುತ್ತಾರೆ. ಇಷ್ಟು ದೊಡ್ಡ ಇತಿಹಾಸದ ಊರಿನಲ್ಲಿ ಒಂದು ಫಲಕವಿಲ್ಲ, ಬಂದವರು ಕೂಡಲು ಒಂದು ನೆರಳಿಲ್ಲ. ಇರುವುದು ಎಣ್ಣೆ ಹಚ್ಚಿದ ಒಂದು ಮೊಣಕಾಲು. ಸಂಬಂಧಪಟ್ಟವರಿಗೆ ನಾಚಿಕೆಯಾಗಬೇಕು, ಆಗುವುದಿಲ್ಲ.

ಮೇಲಿನ ಓಣಿಯ ತುದಿಗೆ ಬಂದಾಗ ರೇವವ್ವನ ಹೆಜ್ಜೆ ನಿಧಾನವಾಯಿತು. ದೊಡ್ಡ ಬಾಗಿಲಿಗೆ ಮಾವಿನ ತೋರಣ ಕಟ್ಟಿದ ಮನೆ. ಒಳಗೆ ಹೆಂಗಸರ ಗದ್ದಲ. ಆಕೆ ಮಲಾರವನ್ನು ಸದ್ದಾಗದಂತೆ ಎದೆಗೆ ಅವುಚಿಕೊಂಡು, ಮುಖ ಆಚೆ ಮಾಡಿ ದಾಟಿದಳು. "ಬಾವಿಗೆ ಇಲ್ಲಿಂದಲೇ ದಾರಿ ಎಂದಿದ್ದಿರಲ್ಲ?" ಎಂದು ಕ್ಯಾಮೆರಾದವರು ಕೇಳಿದರು.

"ಇತ್ರಿ. ಈಗಿಲ್ಲ. ಸುತ್ತ ಹಾಕಿ ಹೋಗೂಣು."

ಆ ಮನೆ ಯಾವುದೆಂದು ಗುರುತು ಹತ್ತುವಂತೆ ನಾನು ಬರೆಯುವುದಿಲ್ಲ. ಮನೆಯ ಯಜಮಾನಿಯನ್ನು ಮಲ್ಲಕ್ಕ ಎಂದು ಕರೆಯೋಣ. ಮುಂಬಾಗಿಲಿನಿಂದ ಹೊಕ್ಕು ಹಿತ್ತಲ ಬಾಗಿಲಿನಿಂದ ಹೊರಬಿದ್ದರೆ ಹಳೆಯ ಮೆಟ್ಟಿಲುಬಾವಿ. ಹಿತ್ತಲ ಗೋಡೆಯಲ್ಲಿ ಮೊಳ ಎತ್ತರದ ಒಂದು ಕಲ್ಲಿದೆ. ಕೂತ ಹೆಣ್ಣುಮಗಳ ಚಿತ್ರ, ಕೆಳಗೆ ಸವೆದ ಅಕ್ಷರ. ಮನೆಯವರಿಗೆ ಅದು ಹಿತ್ತಲವ್ವ. ಆ ಮನೆಯ ಯಾವ ಸೊಸೆಯ ಕುಬಸವಿದ್ದರೂ ಹಸಿರು ಬಳೆಯ ಮೊದಲ ಜೋಡಿ ಹಿತ್ತಲವ್ವನ ಮುಂದೆ ಇಟ್ಟು, ಆಮೇಲೆ ಬಸುರಿಯ ಕೈಗೆ ಏರಿಸುವುದು ವಾಡಿಕೆ. ಮಲ್ಲಕ್ಕನ ಕೈಗೆ ಅಂದು ಬಳೆ ಏರಿಸಿದವಳು ರೇವವ್ವನ ಅತ್ತೆ. ಮಲ್ಲಕ್ಕನ ಹೆಣ್ಣುಮಕ್ಕಳ ಕೈಗೆ ಏರಿಸಿದವಳು ರೇವವ್ವ.

ಈಚೆಗೆ ಅದೇ ಪ್ರಾಧ್ಯಾಪಕರು ಮತ್ತೆ ಬಂದು ಆ ಅಕ್ಷರ ಓದಿದರು. ಉಪವಾಸ ಹಿಡಿದು ದೇಹ ಬಿಟ್ಟ ಒಬ್ಬ ಜೈನ ಹೆಣ್ಣುಮಗಳ ನೆನಪಿಗೆ ನಿಲ್ಲಿಸಿದ ಕಲ್ಲು ಎಂದು ವಿದ್ಯಾರ್ಥಿಗಳಿಗೆ ಮೆತ್ತಗೆ ಹೇಳಿದರು. ರೇವವ್ವ ಕೇಳಿಸಿಕೊಂಡಳು. ಹೊಸದು ಗೊತ್ತಾದರೆ ಯಾರಿಗೆ ಹೇಳಲಿ ಅನ್ನಿಸುವುದು ಸಹಜ. ಮುಂದಿನ ಸಲ ಬಂದ ಗುಂಪಿಗೆ ಹಿತ್ತಲಲ್ಲಿ ನಿಂತು ಹೇಳಿಯೂ ಹೇಳಿದಳು. ಆ ಗುಂಪಿನಲ್ಲಿದ್ದ ಒಬ್ಬ ಹಿರಿಯರಿಗೆ ಕಿವಿ ಮಂದ.

"ಒದರಿ ಹೇಳಿದೆರಿ. 'ಇದು ದೇವರ ಅಲ್ರೀ ಯಜಮಾನ್ರ, ಸತ್ತಾಕಿ ಕಲ್ಲು' ಅಂತ. ಅಡಿಗಿಮನ್ಯಾಗ ಸೊಸಿ ರೊಟ್ಟಿ ಬಡಿಯಾಕತ್ತಿತ್ತು. ರೊಟ್ಟಿ ಬಡಿಯೂ ಸಪ್ಪಳ ನಿಂತಬಿಟ್ತು. ಆಗ ತಿಳೀತ್ರಿ ನನಗ, ಬಸರಿ ಹೆಂಗಸಿನ ಮುಂದ ಏನ ಅಂದೆ ಅಂತ." ರೇವವ್ವ ಓಣಿಯ ಕಲ್ಲಿನ ಮೇಲೆ ಕುಳಿತುಬಿಟ್ಟಳು. "ಮಲ್ಲಕ್ಕ ಬೈಲಿಲ್ರಿ. ಬೈದಿದ್ರ ಛಲೋ ಇತ್ತು. ಬಾಗಲಾ ಮುಚ್ಚಿದ್ಲು."

ಸೊಸೆ ಬೇರೆ ಊರಿನ ಹುಡುಗಿ. ತವರಿನವರು ನಿನ್ನೆಯೇ ಬಂದಿಳಿದಿದ್ದಾರಂತೆ. ಬಳೆ ಪೇಟೆಯಿಂದ ತರಿಸುತ್ತಾರೆ ಎಂಬ ಸುದ್ದಿ ಊರೆಲ್ಲ ಹರಡಿದೆ. ಬಳೆ ಮಾರಾಟವಾಗದ ಚಿಂತೆ ರೇವವ್ವನಿಗಿಲ್ಲ. ತನ್ನ ಮಾತಿನಿಂದ ಒಂದು ಮನೆಯ ವಾಡಿಕೆ ನಿಂತುಹೋಯಿತಲ್ಲ, ಆ ಹುಡುಗಿ ಹೆರಿಗೆಯವರೆಗೂ ಹೆದರಿಕೊಂಡೇ ಇರಬೇಕಲ್ಲ ಎಂಬುದು ಆಕೆಯನ್ನು ಕೊರೆಯುತ್ತಿದೆ. "ಊರ ತೋರಸೂದು ಸಾಕಾಗೇತ್ರಿ. ಕಾಲೂ ಸಾಕಂತಾವ, ಬಾಯೀನೂ ಸಾಕಂತೈತಿ" ಎಂದಳು.

ಸುತ್ತು ಹಾಕಿ ಕೆಳಗಿನ ಓಣಿಯಿಂದ ಬಾವಿಗೆ ಬಂದಾಗ ಬಿಸಿಲು ಸುಡುತ್ತಿತ್ತು. ದಂಪತಿ ಬೇಸತ್ತು ಗಡಿಯಾರ ನೋಡುತ್ತಿದ್ದರು. ಬಾವಿಯ ದಂಡೆಗೇ ಮಲ್ಲಕ್ಕನ ಮನೆಯ ಹಿತ್ತಲ ಬಾಗಿಲು. ರೇವವ್ವ ಅದಕ್ಕೆ ಬೆನ್ನು ಮಾಡಿ ಮೆಟ್ಟಿಲು ತೋರಿಸುತ್ತಿದ್ದಾಗ ಅಗುಳಿ ತೆಗೆದ ಸದ್ದಾಯಿತು. ಹಸಿರು ಇಳಕಲ್ಲ ಸೀರೆಯುಟ್ಟ ಹಿರಿಯ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. ಮಲ್ಲಕ್ಕ.

"ಏ ರೇವಿ, ಹಸರ ಬಳಿ ಅದಾವೇನು?"

"ಅದಾವ."

"ಅಳತಿ?"

"ಪಂಚಮಿಗೆ ನಾನ ಏರಿಸೇನಿ ಆಕಿಗೆ. ಈಗ ಕೈ ಬಾತಿರತಾವಂತ ಒಂದ ಅಳತಿ ದೊಡ್ಡೂನೂ ತಂದೇನಿ."

ಮಲ್ಲಕ್ಕ ನಮ್ಮ ಇರವನ್ನೇ ಮರೆತವಳಂತೆ ಹೇಳಿದಳು. "ನೀ ಅಂದ ಹೋದಿ, ನನಗ ನಿದ್ದಿ ಹತ್ತಲಿಲ್ಲ. ಪೇಟಿ ಬಳಿ ತರಿಸಿ ಇಟ್ಟೇನಿ, ಏರಿಸಾಕ ಕೈ ಬರವಲ್ದು. ಮುಂಜಾನಿ ಮಠಕ್ಕ ಹೋಗಿದ್ದೆ. ಅಜ್ಜಾರ ಗದ್ದಿಗಿಗೆ ಹಣಿ ಹಚ್ಚಿದಾಗ ಹೊಳೀತು ನೋಡು. ಗದ್ದಿಗಿ ಒಳಗ ಇರೋ ಅಜ್ಜಾರೂ ಸತ್ತವರ ಅಲ್ಲೇನು? ಹಂಗಂತ ಕೈ ಮುಗಿಯೂದ ಬಿಟ್ಟೇವೇನು? ಇಷ್ಟ ವರ್ಷ ನಮ್ಮ ಮನಿ ಬಾಣಂತ್ಯಾರನ ಕಾಯ್ದಾಕಿ, ಸತ್ತಾಕಿ ಅಂತ ಗೊತ್ತಾದ ಕೂಡಲೆ ಕೆಟ್ಟ ಕಣ್ಣ ಹಾಕತಾಳೇನು?"

ರೇವವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ನೀ ಒಬ್ಬಾಕಿ ಬಾ" ಎಂದಳು ಮಲ್ಲಕ್ಕ. "ಮಂದಿನ್ನ ಕರಕೊಂಬರಬ್ಯಾಡ. ಇವತ್ತಷ್ಟ ಅಲ್ಲ, ಇನ್ನ ಮ್ಯಾಲೂ ಬ್ಯಾಡ. ಆಕಿ ನಮಗ ಅವ್ವ, ನೋಡೂ ಸಾಮಾನಲ್ಲ."

"ಆತ ಬಿಡು" ಎಂದಳು ರೇವವ್ವ. ಒಂದು ಮಾತೂ ಚೌಕಾಶಿ ಮಾಡಲಿಲ್ಲ. ಆಕೆಯ ತಿರುಗಾಟದಲ್ಲಿ ಬಂದವರೆಲ್ಲ ಹೆಚ್ಚು ಹೊತ್ತು ನಿಲ್ಲುತ್ತಿದ್ದದ್ದು ಆ ಕಲ್ಲಿನ ಮುಂದೆಯೇ ಎಂದು ಊರಿನವರು ನನಗೆ ಆಮೇಲೆ ಹೇಳಿದರು.

"ನಮ್ಮ ಟ್ರೈನಿಗೆ ಟೈಮಾಗುತ್ತೆ. ಎಷ್ಟು ಹೊತ್ತಾಗುತ್ತಮ್ಮ?" ಕ್ಯಾಮೆರಾದವರ ದನಿಯಲ್ಲಿ ಸಿಟ್ಟಿತ್ತು.

"ಆದಷ್ಟ ಹೊತ್ತ ಆಗತೈತ್ರಿ" ಎಂದು ರೇವವ್ವ ಹೊಸ್ತಿಲು ದಾಟಿದಳು. ಬಾಗಿಲು ಹಾಕಿಕೊಂಡಿತು.

ನಾವು ಮೂವರೂ ಬಾವಿಯ ದಂಡೆಯ ಮೇಲೆ ಕುಳಿತೆವು. ಸ್ಟೇಶನ್ನಿಗೆ ದಾರಿ ಹೇಳುವಿರಾ ಎಂದು ಅವರು ನನ್ನನ್ನು ಕೇಳಿದರು. ಅಷ್ಟು ಓಣಿ ತಿರುಗಿದ ಮೇಲೆ ನನಗೂ ದಿಕ್ಕು ತಪ್ಪಿತ್ತು, ತಪ್ಪದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ. ಗೋಡೆಯಾಚೆ ಮುದುಕಿಯೊಬ್ಬಳು ಸೋಬಾನದ ಪದ ಎತ್ತಿಕೊಂಡಳು, ಉಳಿದವರು ದನಿಗೂಡಿಸಿದರು. ಹಾಡಿನ ನಡುವೆ ಗಾಜಿನ ಬಳೆ ಒಂದಕ್ಕೊಂದು ತಾಕುವ ಸದ್ದು ಕೇಳುತ್ತಿತ್ತು. ಯಾವುದೋ ಹೊತ್ತಿನಲ್ಲಿ ಊರಾಚೆ ಗಾಡಿ ಕೂಗಿತು. ಕೊಡೆಯ ಕೆಳಗೆ ಕುಳಿತ ಪತ್ನಿ ಗಂಡನ ಮುಖ ನೋಡಿದರು.

ಬಾಗಿಲು ತೆರೆದು ಹೊರಬಂದಾಗ ರೇವವ್ವನ ಹಣೆಯ ತುಂಬ ಕುಂಕುಮ, ಮಡಿಲಲ್ಲಿ ಅಕ್ಕಿ, ಕೊಬ್ಬರಿ, ಬಾಳೆಹಣ್ಣು. ಬೆವರು ಇಳಿಯುತ್ತಿತ್ತು. ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಹೇಗಾಯಿತು ಎಂದು ಕೇಳಿದೆ.

"ಮೊದಲ ಜೋಡಿ ಹಿತ್ತಲವ್ವಗ ಇಟ್ಟ ಬಂದೇನ್ರಿ. ಹುಡುಗಿ ಕೈ ಬಾತಿದ್ದೂ. ಒಂದ ಬಳಿನೂ ಒಡೀಗೊಟ್ಟಿಲ್ಲ ನಾ."

"ಎಲ್ಲಾ ಸರಿಯಮ್ಮ, ನಮ್ಮ ಟ್ರೈನ್ ಹೋಯ್ತಲ್ಲ!" ಎಂದರು ಕ್ಯಾಮೆರಾದವರು.

ರೇವವ್ವ ಮಡಿಲಿನ ಬಾಳೆಹಣ್ಣು ತೆಗೆದು ಅವರ ಪತ್ನಿಯ ಕೈಗಿಟ್ಟಳು.

"ಗಾಡಿ ಸಂಜಿಗಿ ಮತ್ತೊಂದ ಐತ್ರಿ. ಆ ಹುಡುಗಿ ಕೈ ಇವತ್ತ ಬಿಟ್ಟಿದ್ರ ನನಗ ಮತ್ತ ಸಿಗತಿದ್ದಿಲ್ಲ."